ನಾಡಿ ಇದೆ ಅಂದಿದ್ದೆ

ಸೆಪ್ಟೆಂಬರ್ 3, ಮಂಗಳವಾರ

ಮತ್ತೆ ಫಾರ್ಮಲಿನ್ ವಾಸನೆ. ಮೂರು ಸಲ ಸೋಪು ಹಾಕಿದರೂ ಬೆರಳು ಬಿಟ್ಟು ಹೋಗಿಲ್ಲ. ಅದೇ ಕೈಯಲ್ಲಿ ಬ್ರೆಡ್ ತಿಂದೆ. ಮೊದಲ ವಾರ ವಾಂತಿ ಮಾಡಿಕೊಂಡವಳು ಇವಳೇನಾ ಅಂತ ನನಗೇ ಅನುಮಾನ.

ಡಿಸೆಕ್ಷನ್‌ನಲ್ಲಿ ಹೆಣದ ತೊಡೆ ಮುಗಿಯಿತು. ನಮ್ಮ ಟೇಬಲ್‌ನವರು ದೊಡ್ಡ ರಕ್ತನಾಳ ಹುಡುಕಲು ಒಂದೂವರೆ ಗಂಟೆ ತೆಗೆದುಕೊಂಡೆವು. ಸಿಕ್ಕಿದ್ದು ನರ. ಡೆಮಾನ್‌ಸ್ಟ್ರೇಟರ್ ಚಿಮಟದಲ್ಲಿ ಎತ್ತಿ ಹಿಡಿದು, "ಇದನ್ನ ಆರ್ಟರಿ ಅಂದೋರು ಯಾರು? ಕೈ ಎತ್ತಿ" ಅಂದರು. ಯಾರೂ ಎತ್ತಲಿಲ್ಲ. ಅಂದವಳು ನಾನು.

ಶುಕ್ರವಾರ ವೈವಾ, ಬಾಯಿ ಪರೀಕ್ಷೆ. ಈಗಲೇ ಎದೆ ಡವಡವ.

ಸಂಜೆ ರೂಮಿನಲ್ಲಿ ಕಾಲಿನ ನಾಡಿ ಪ್ರಾಕ್ಟೀಸ್. ರೂಮ್‌ಮೇಟ್‌ಗೆ ಎಲ್ಲರೂ ಅಜ್ಜಿ ಅನ್ನುತ್ತಾರೆ — ಹತ್ತೊಂಬತ್ತು ವರ್ಷ, ಆಡುವುದು ಎಂಬತ್ತರ ಹಾಗೆ. ಅವಳು ನನ್ನ ಪಾದದ ಮೇಲೆ ಹತ್ತು ನಿಮಿಷ ತಡಕಿ, "ಸಿಗ್ತಿಲ್ಲ ಕಣೆ. ನಿಂದು ಕಾಲೋ, ಲೈಟ್ ಕಂಬಾನೋ?" ಅಂದಳು. ಅವಳ ಕಾಲಿನಲ್ಲಿ ನನಗೆ ಎರಡೇ ನಿಮಿಷಕ್ಕೆ ಸಿಕ್ಕಿತು. ಟಕ್ ಟಕ್ ಟಕ್. ಗಟ್ಟಿಯಾಗಿ ಒತ್ತಿದರೆ ಇನ್ನೂ ಚೆನ್ನಾಗಿ ಸಿಗುತ್ತದೆ. ನನ್ನದೇ ಟೆಕ್ನಿಕ್. ಇಷ್ಟು ದಿನದಲ್ಲಿ ನನಗೊಂದು ಬಂತು, ಇನ್ನೊಬ್ಬರಿಗೆ ಬರಲಿಲ್ಲ — ಮೊದಲ ಸಲ.


ಸೆಪ್ಟೆಂಬರ್ 14, ಶನಿವಾರ. ಮನೆ

ಎರಡು ದಿನ ರಜೆ. ಬಸ್ ಇಳಿದು ಸೀದಾ ಅಪ್ಪನ ಸಲೂನ್‌ಗೆ. ಎರಡು ಕುರ್ಚಿ. ಒಂದರಲ್ಲಿ ಗಿರಾಕಿ, ಇನ್ನೊಂದರಲ್ಲಿ ಅಪ್ಪ! ಅಂಗಡಿಯಲ್ಲಿ ಅಪ್ಪ ಕೂತದ್ದು ಕಂಡ ನೆನಪೇ ಇಲ್ಲ.

"ಹದಿನೈದು ದಿನದಿಂದ ಹಿಂಗೇ" ಅಂತ ಊಟದ ಡಬ್ಬಿ ತಂದಿದ್ದ ಅಮ್ಮ. "ಒಂದು ತಲೆ ಮುಗ್ಸೋದ್ರೊಳಗೆ ಎರಡು ಸಲ ಕೂರ್ತಾರೆ. ಮನೆಯಿಂದ ಅಂಗಡಿಗೆ ಬರೋ ದಾರೀಲಿ ನಿಂತು ನಿಂತು ಬರ್ತಾರೆ. ಕೇಳಿದ್ರೆ ಪೋಸ್ಟರ್ ಓದ್ತಿದ್ದೆ ಅಂತಾರೆ. ಆ ಪೋಸ್ಟರ್ ಹಾಕಿ ವರ್ಷ ಆಯ್ತು."

"ಮೂವತ್ತೈದು ವರ್ಷ ನಿಂತಿದೀನಿ. ಕಾಲು ಲೀವ್ ಕೇಳ್ತಿದೆ, ಅಷ್ಟೇ" ಅಂದ ಅಪ್ಪ. ಪ್ಯಾಂಟ್ ಮೇಲೆತ್ತಿ ಬಲಗಾಲು ತೋರಿಸಿದ. "ನೋಡು, ಒಂದು ಕೂದಲಿಲ್ಲ. ಊರಿಗೆಲ್ಲ ನಾನು ಬೋಳಿಸಿದೆ, ನನ್ನ ಕಾಲು ತಾನೇ ಬೋಳಿಸ್ಕೊಂಡಿದೆ." ಎಲ್ಲರೂ ನಕ್ಕರು. ನಾನೂ.

ಕುರ್ಚಿಯಲ್ಲಿ ರಿಟೈರ್ಡ್ ಮೇಷ್ಟ್ರು, ಗಲ್ಲದ ತುಂಬ ನೊರೆ. "ಡಾಕ್ಟ್ರು ಮನೇಲೇ ಇರೋವಾಗ ಚಿಂತೆ ಯಾಕ್ರೀ? ತೋರ್ಸಿ."

"ನಾನಿನ್ನೂ ಫಸ್ಟ್ ಇಯರ್ ಸಾರ್."

"ಫಸ್ಟ್ ಇಯರೋ ಲಾಸ್ಟ್ ಇಯರೋ, ಕಾಲು ಇರೋದು ಅದೇ ಜಾಗದಲ್ಲಿ ತಾನೇ?"

ಕತ್ತರಿಸಿದ ಕೂದಲ ಮೇಲೆ ಮಂಡಿಯೂರಿದೆ. ಅಂಗಡಿ ಪೂರ್ತಿ ಗಪ್‌ಚುಪ್. ಬೆರಳಿಟ್ಟೆ. ಇಲ್ಲ. ಬೆವರಿದೆ. ಗಟ್ಟಿಯಾಗಿ ಒತ್ತಿದೆ — ಬಂತು. ಟಕ್ ಟಕ್ ಟಕ್, ಒಳ್ಳೇ ಜೋರು.

"ನಾಡಿ ಇದೆ" ಅಂದೆ. "ರಕ್ತ ಚೆನ್ನಾಗಿ ಓಡ್ತಿದೆ. ಮಾಂಸಖಂಡದ ನೋವು. ರಾತ್ರಿ ಬಿಸಿನೀರಿನ ಬ್ಯಾಗ್ ಇಟ್ಕೋ. ಸಿಗರೇಟ್ ಬಿಡು."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಮ್ಮ ಪಕ್ಕದ ಅಂಗಡಿಗೆ ಹೇಳಲು ಹೋದಳು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ ರೀತಿ...

ಐದನೇ ಕ್ಲಾಸಿನಿಂದ ಹಾಸ್ಟೆಲ್. ಮನೆಗೆ ಬಂದರೆ ನೆಂಟರ ಹಾಗೆ ಸ್ಟೂಲ್ ಹಾಕಿ ಕೂರಿಸುತ್ತಾರೆ. ಆ ಅಂಗಡಿಯಲ್ಲಿ ನನಗೂ ಒಂದು ಕೆಲಸ ಇತ್ತು, ಇವತ್ತು.


ಸೆಪ್ಟೆಂಬರ್ 15, ಭಾನುವಾರ. ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿತು. ಅಪ್ಪ ಬಸ್ ಸ್ಟಾಪ್‌ವರೆಗೂ ಬಂದ. ಮೂರು ಸಲ ನಿಂತ. ಪ್ರತಿಸಲ ನಾನು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಆಡಿದೆ.

ಸೆಕೆಂಡ್ ಇಯರ್ ಸೀನಿಯರ್ ಒಬ್ಬಳನ್ನು ಕೇಳಬೇಕು. ಕೇಳಿದರೆ ನಗುತ್ತಾಳೆ. ನಾಡಿ ಸಿಕ್ಕಿತಲ್ಲ, ಮತ್ತೇನು?


ಅಕ್ಟೋಬರ್ 9, ಬುಧವಾರ

ಇಂಟರ್ನಲ್ಸ್. ಬರೆಯಲು ಟೈಮಿಲ್ಲ. ಅಮ್ಮ ಫೋನ್ ಮಾಡಿದ್ದಳು — ಬ್ಯಾಗ್ ಬಿಸಿ ಜಾಸ್ತಿಯಾಗಿ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿದೆಯಂತೆ. ಅಪ್ಪನಿಗೆ ಸುಟ್ಟದ್ದೇ ಗೊತ್ತಾಗಲಿಲ್ಲವಂತೆ. ಆಯಿಂಟ್‌ಮೆಂಟ್ ಹಚ್ಚಲು ಹೇಳಿದೆ.

ಸುಟ್ಟರೆ ಯಾಕೆ ಗೊತ್ತಾಗಲಿಲ್ಲ?


ನವೆಂಬರ್ 18, ಸೋಮವಾರ

ಫಿಸಿಯಾಲಜಿ ಲ್ಯಾಬಿನಿಂದ ಹೊರಗೆ ಬಂದರೆ ಅಮ್ಮನ ಹನ್ನೊಂದು ಮಿಸ್ಡ್ ಕಾಲ್.

ಹೆಬ್ಬೆರಳು ಕಪ್ಪಾಗಿದೆ. ಒಂದೂವರೆ ತಿಂಗಳಿನಿಂದ ಗಾಯ ಒಣಗಿಲ್ಲ. ಒಂದು ವಾರದಿಂದ ಮಂಚದಿಂದ ಕೆಳಗೆ ಕಾಲು ಇಳಿಬಿಟ್ಟರೆ ಮಾತ್ರ ನಿದ್ದೆಯಂತೆ. "ಡಾಕ್ಟರ್ ಹತ್ರ ಹೋಗಿ ಅಂತ ಬಡ್ಕೊಂಡೆ. ಮಗಳು ನೋಡಿದಾಳೆ ಬಿಡು, ಮಗಳು ನೋಡಿದಾಳೆ ಬಿಡು — ಒಂದೇ ರಾಗ."

ಈಗ ಹೋಗಿದ್ದಾರೆ. ಊರಿನ ಡಾಕ್ಟರ್ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಅದು ನಮ್ಮ ಕಾಲೇಜಿನ ಹಿಂದಿನ ಬಿಲ್ಡಿಂಗ್.


ನವೆಂಬರ್ 20, ಬುಧವಾರ, ಮಧ್ಯಾಹ್ನ 12.30

ಪುರುಷರ ಸರ್ಜಿಕಲ್ ವಾರ್ಡ್, ಕಿಟಕಿ ಪಕ್ಕದ ಬೆಡ್. ಅಪ್ಪ ಆಗಲೇ ಎದುರು ಬೆಡ್‌ನವನ ಕಿವಿ ಪಕ್ಕದ ಸೈಡ್‌ಲಾಕ್ ಓರೆಯಾಗಿದೆ ಅಂತ ಕಂಡುಹಿಡಿದಿದ್ದಾನೆ.

ರೌಂಡ್ಸ್‌ಗೆ ಸರ್ಜನ್ ಮೇಡಂ ಬಂದರು. ರಕ್ತನಾಳದ ಸರ್ಜರಿಯವರು. ಕುಳ್ಳಗೆ, ಚುರುಕು, ಮಾತು ಅಳೆದಷ್ಟೇ. ತೋಳಿನ ಬಿಪಿ, ಕಾಲಿನ ಬಿಪಿ ಎರಡೂ ನೋಡಿದರು. ಬಲಗಾಲಿನದು ತೋಳಿನ ಅರ್ಧಕ್ಕೂ ಕಡಿಮೆ. ಚಿಕ್ಕ ಪೆನ್ನಿನಂಥ ಡಾಪ್ಲರ್ ಇಟ್ಟರು. ಎಡಪಾದದಲ್ಲಿ ಶೂ... ಶೂ... ಅಂತ ರಕ್ತದ ಸದ್ದು ಬಂತು. ಬಲಪಾದದಲ್ಲಿ ಬರೀ ಗೊರಗೊರ.

"ಮೊದಲು ಯಾರು ನೋಡಿದ್ರು ಇದನ್ನ?"

"ನಮ್ಮ ಮಗಳೇ ಮೇಡಂ" ಅಂದ ಅಪ್ಪ. ಎಷ್ಟು ಹೆಮ್ಮೆಯಿಂದ! "ಇದೇ ಕಾಲೇಜು. ಸೆಪ್ಟೆಂಬರಲ್ಲೇ ನೋಡಿ ನಾಡಿ ಚೆನ್ನಾಗಿದೆ ಅಂದಿದ್ಳು. ಆಮೇಲೆ ಏನೋ ಕೆಟ್ಟಿದೆ."

ಮೇಡಂ ನನ್ನ ಕಡೆ ತಿರುಗಿದರು. ನೆಲ ಬಾಯಿ ಬಿಡಲಿಲ್ಲ.

"ಯಾವ ಇಯರ್?"

"ಫಸ್ಟ್ ಇಯರ್ ಮೇಡಂ."

"ಹ್ಞೂಂ." ಅಷ್ಟೇ. ಮುಂದಿನ ಬೆಡ್‌ಗೆ ಹೋದರು.


ಅದೇ ದಿನ, ಸಂಜೆ 5

ಕಾರಿಡಾರಿನಲ್ಲಿ ಮೇಡಂ ತಾವಾಗಿ ನಿಂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗಟ್ಟಿಯಾಗಿ ಒತ್ತಿದ್ಯಾ?"

"ಹೌದು ಮೇಡಂ."

"ಇನ್ನೊಂದ್ಸಲ ಒತ್ತು. ಇನ್ನೊಂದು ಕೈಲಿ ಅವರ ಮಣಿಕಟ್ಟು ಹಿಡ್ಕೋ. ಕಾಲಲ್ಲಿ ಸಿಗೋದು ಅದಕ್ಕೆ ತಾಳ ಹಾಕದಿದ್ರೆ, ಅದು ಅವರದ್ದಲ್ಲ. ನಿನ್ನ ಬೆರಳಿಂದು."

ಅಪ್ಪ ಮಲಗಿದ್ದ. ಹಾಗೇ ಮಾಡಿದೆ. ಮಣಿಕಟ್ಟಿನಲ್ಲಿ ನಿಧಾನ, ನಿಮಿಷಕ್ಕೆ ಎಂಬತ್ತು. ಪಾದದಲ್ಲಿ ನೂರ ಇಪ್ಪತ್ತು, ಕುದುರೆ ಓಡಿದ ಹಾಗೆ.

ನನ್ನದು. ಅವತ್ತು ಅಂಗಡಿಯಲ್ಲಿ ಎಲ್ಲರೆದುರು ಸಿಕ್ಕಿದ್ದೂ ನನ್ನದೇ. ನನ್ನ ಗಾಬರಿಯನ್ನು ಎಣಿಸಿ ಅಪ್ಪನ ಕಾಲು ಚೆನ್ನಾಗಿದೆ ಅಂದಿದ್ದೆ.

ಸಾಲದ್ದಕ್ಕೆ ಬಿಸಿನೀರಿನ ಬ್ಯಾಗ್. ರಕ್ತ ಇಲ್ಲದ ಕಾಲಿಗೆ.


ನವೆಂಬರ್ 21, ಗುರುವಾರ

ಸ್ಕ್ಯಾನ್ ಬಂತು. ಮೇಡಂ ಅದರ ಕವರಿನ ಹಿಂದೆಯೇ ಪೆನ್ನಿನಲ್ಲಿ ಕಾಲು ಬರೆದರು.

"ಇಲ್ಲಿ ನೋಡಿ. ತೊಡೆ ಮಧ್ಯದಿಂದ ಮಂಡಿವರೆಗೆ ನಾಳ ಪೂರ್ತಿ ಬಂದ್. ಮಂಡಿ ಕೆಳಗೆ ಮೂರು ನಾಳ ಇರ್ಬೇಕು, ಒಂದೇ ಚೆನ್ನಾಗಿದೆ. ಎರಡು ದಾರಿ ಇದೆ. ಒಂದು ಬಲೂನ್. ತೊಡೆ ಸಂದೀಲಿ ಸೂಜಿ ಚುಚ್ಚಿ, ಸಣ್ಣ ತಂತಿ ತೂರ್ಸಿ, ಬ್ಲಾಕ್ ಒಳಗೆ ಬಲೂನ್ ಊದಿಸಿ ದಾರಿ ಬಿಡಿಸೋದು. ಬೇಕಿದ್ರೆ ಜಾಲರಿ ಥರದ್ದು ಒಂದು ಸ್ಟೆಂಟ್ ಕೂರ್ಸೋದು. ದೊಡ್ಡ ಗಾಯ ಇಲ್ಲ, ಎರಡು ದಿನದಲ್ಲಿ ಮನೆ."

"ಅದೇ ಮಾಡಿ ಮೇಡಂ" ಅಂದ ಅಪ್ಪ.

"ಪೂರ್ತಿ ಕೇಳಿ. ನಿಮ್ಮದು ಉದ್ದದ ಬ್ಲಾಕ್, ಸುಣ್ಣ ಕಟ್ಟಿದೆ. ತಂತಿ ತೂರದೇ ಇರ್ಬಹುದು. ತೂರಿದ್ರೂ ಬೇಗ ಮತ್ತೆ ಮುಚ್ಕೋಬಹುದು. ಇನ್ನೊಂದು ಬೈಪಾಸ್. ನಿಮ್ಮದೇ ತೊಡೆಯಿಂದ ಒಂದು ವೇನ್, ಅಂದ್ರೆ ರಕ್ತ ವಾಪಸ್ ಮೇಲಕ್ಕೆ ಒಯ್ಯೋ ನಾಳ, ತೆಗೆದು, ಬ್ಲಾಕ್ ಮೇಲ್ಗಡೆಯಿಂದ ಕೆಳ್ಗಡೆಗೆ ಹೊಲೀತೀವಿ. ರಕ್ತ ಅದರಲ್ಲಿ ಸುತ್ತಿ ಹೋಗುತ್ತೆ. ದೊಡ್ಡ ಆಪರೇಷನ್, ಉದ್ದುದ್ದ ಗಾಯ, ವಾರ ಹತ್ತು ದಿನ ಇಲ್ಲೇ. ಆದ್ರೆ ನಿಮ್ಮ ವೇನ್ ಚೆನ್ನಾಗಿದೆ, ಹಾರ್ಟೂ ಪರ್ವಾಗಿಲ್ಲ. ಬೆರಳಿನ ಗಾಯ ಒಣಗೋಕೆ ಜಾಸ್ತಿ ರಕ್ತ ಬೇಕು. ನನ್ನ ಒಲವು ಇದಕ್ಕೆ."

"ಪೈಪ್ ಕಟ್ಟಿದ್ರೆ ಕೆರೆದು ತೆಗೀತಾರಲ್ಲ, ಹಂಗೆ ಆಗಲ್ವಾ?" ಅಂತ ಅಮ್ಮ.

"ತೊಡೆ ಸಂದಿ ಹತ್ರ ಚಿಕ್ಕದಾಗಿದ್ರೆ ನಾಳ ಸೀಳಿ ಕೆರೆದು ತೆಗೀತೀವಮ್ಮ. ಇಷ್ಟುದ್ದಕ್ಕೆ ಆಗಲ್ಲ."

"ಏನೂ ಮಾಡಿಸದಿದ್ರೆ?" ಅಪ್ಪ.

ಮೇಡಂ ಪೆನ್ನಿಗೆ ಕ್ಯಾಪ್ ಹಾಕಿದರು. "ಬೆರಳು ಹೋಗುತ್ತೆ. ಅಲ್ಲೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಮಂಡಿ ಕೆಳಗೆ ತೆಗೀಬೇಕಾಗಬಹುದು."

ಅಮ್ಮ ಮಂಚದ ಕಂಬಿ ಹಿಡಿದುಕೊಂಡಳು. ಅಪ್ಪ ಮಾತು ಬದಲಿಸಿದ. ವೇನ್ ಹೇಗೆ ಹೊಲಿಯುತ್ತೀರಿ ಅಂತ ಕೇಳಿದ. ತಲೆಕೆಳಗು ಮಾಡಿ ಅಂದರು ಮೇಡಂ. ವೇನ್ ಒಳಗೆ ಪುಟ್ಟ ಪುಟ್ಟ ಬಾಗಿಲು, ಒಂದೇ ಕಡೆಗೆ ತೆರೆಯುತ್ತವೆ. ಅಪ್ಪ ತಲೆದೂಗಿದ. "ಸರಿ ಸರಿ. ಕೂದಲು ಮಲಗಿರೋ ಕಡೆಗೇ ಕತ್ತಿ ಎಳೀಬೇಕು. ಎದುರು ಎಳೆದ್ರೆ ತಡೆಯುತ್ತೆ." ಮೇಡಂ ಮೊದಲ ಸಲ ನಕ್ಕರು.

ಅವರು ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದ. "ನೀನು ಹೇಳು. ಬಲೂನೋ, ಬೈಪಾಸೋ? ನನಗೆ ಬಲೂನ್ ಇಷ್ಟ. ಆದ್ರೂ ನೀನು ಹೇಳಿದ್ದೇ ಫೈನಲ್."

ಲೈಬ್ರರಿಗೆ ಹೋಗಬೇಕು ಅಂತ ಓಡಿಬಂದೆ.


ನವೆಂಬರ್ 22, ಶುಕ್ರವಾರ

ಲೈಬ್ರರಿ. ದಪ್ಪ ಪುಸ್ತಕ. ಮೂರು ಪೇಜ್ ಓದಿದೆ, ಎರಡು ಗ್ರಾಫ್ ನೋಡಿದೆ. ಏನೂ ತಲೆಗೆ ಹೋಗಲಿಲ್ಲ. ರೂಮ್‌ಮೇಟ್ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಎಲ್ಲ ಹೇಳಿದೆ.

"ಅವರಿಗೆ ಹೇಳಿದ್ಯಾ, ನೀನು ತಪ್ಪು ನೋಡಿದ್ದೆ ಅಂತ?"

"ಆಪರೇಷನ್ ಆಗ್ಲಿ. ಆಮೇಲೆ."

"ಅಲ್ಲ ಕಣೆ, ಈಗ ಅವರು ನಿನ್ನ ಮಾತಿನ ಮೇಲೆ ಕಾಲು ಇಡ್ತಿದಾರೆ. ಆ ಮಾತು ಎಂಥದ್ದು ಅಂತ ಗೊತ್ತಿರ್ಬೇಡ್ವಾ?"

ಎಂಬತ್ತು ವರ್ಷದವಳ ಹಾಗೇ ಅಂದಳು. ಕೋಪ ಬಂತು. ಎದ್ದು ಬಂದೆ. ಮೆಟ್ಟಿಲು ಹತ್ತಿದೆ, ಇಳಿದೆ, ಹತ್ತಿದೆ. ವಾರ್ಡ್ ಒಳಗೆ ಹೋಗಲಿಲ್ಲ.


ನವೆಂಬರ್ 23, ಶನಿವಾರ, ಬೆಳಿಗ್ಗೆ 11

ಹೇಳಿದೆ. ಅಮ್ಮ ಕ್ಯಾಂಟೀನಿಗೆ ಹೋದಾಗ. ಒಂದೇ ಉಸಿರಿಗೆ. ನಾಡಿ ನನ್ನದು, ಬಿಸಿನೀರು ನನ್ನದು, ಎರಡು ತಿಂಗಳು ಹೋದದ್ದು ನನ್ನಿಂದ. ಬಲೂನೋ ಬೈಪಾಸೋ ನನಗೆ ಗೊತ್ತಿಲ್ಲ, ನನ್ನನ್ನು ಕೇಳಬೇಡ, ಮೇಡಂ ಹೇಳಿದ್ದು ಕೇಳು.

ಅಪ್ಪ ಕಿಟಕಿ ಹೊರಗೆ ನೋಡಿದ. ಅಲ್ಲಿ ನೀರಿನ ಟ್ಯಾಂಕ್ ಬಿಟ್ಟು ಏನೂ ಇಲ್ಲ.

"ಸ್ವಲ್ಪ ಹೊತ್ತು ಆಚೆ ಕೂತ್ಕೋ ಹೋಗು" ಅಂದ.

ಆಚೆ ಕೂತಿದ್ದೇನೆ. ಒಂದು ಗಂಟೆ ಆಯಿತು.


ಮಧ್ಯಾಹ್ನ 3

ಬೈಪಾಸ್‌ಗೆ ಸೈನ್ ಹಾಕಿದ್ದಾನೆ. ಸೋಮವಾರ ಆಪರೇಷನ್. ಅಮ್ಮ ಬಂದು ಹೇಳಿದಳು. "ನೀನು ಒಪ್ಪಿಸಿದ್ಯಂತೆ?" ಅಂದಳು ಖುಷಿಯಲ್ಲಿ. ಅಪ್ಪ ಅವಳಿಗೆ ಬೇರೇನೂ ಹೇಳಿಲ್ಲ ಅಂತಾಯಿತು.


ನವೆಂಬರ್ 24, ಭಾನುವಾರ, ಸಂಜೆ

ನಿನ್ನೆಯಿಂದ ಅಪ್ಪ ನನ್ನ ಜೊತೆ ಆಡಿದ್ದು ಎರಡೇ ಮಾತು. ನೀರು ಕೊಡು. ಸಾಕು.

ನಾಲ್ಕು ಗಂಟೆಗೆ ವಾರ್ಡ್‌ಬಾಯ್ ಟ್ರಿಮ್ಮರ್ ಹಿಡಿದು ಬಂದ. ಆಪರೇಷನ್‌ಗೆ ಮುಂಚೆ ಎರಡೂ ಕಾಲಿನ ಕೂದಲು ತೆಗೆಯಬೇಕು. ಎರಡು ಸಲ ಎಳೆದಿದ್ದ ಅಷ್ಟೇ, ಅಪ್ಪನಿಗೆ ತಡೆಯಲಾಗಲಿಲ್ಲ.

"ಏನಯ್ಯಾ ಇದು, ಹುಲ್ಲು ಕೊಯ್ತಿದೀಯಾ? ಚರ್ಮ ಎಳೆದು ಹಿಡಿ ಎಡಗೈಲಿ. ಥೂ, ಕೊಡಿಲ್ಲಿ."

"ರೂಲ್ಸ್ ಇಲ್ಲ ಯಜಮಾನ್ರೇ."

"ನನ್ನ ಕಾಲು, ನನ್ನ ಕಸುಬು. ಯಾವ ರೂಲ್ಸು?"

ವಾರ್ಡಿನವರೆಲ್ಲ ಬೆಡ್‌ನಲ್ಲಿ ಎದ್ದು ಕೂತರು. ಪರದೆ ಎಳೆದೆವು. ನಾನು ಟಾರ್ಚ್ ಹಿಡಿದೆ. ಎಡಗಾಲು ನೀಟಾಗಿ ಮುಗಿಸಿದ. ಬಲಗಾಲಿಗೆ ಬಂದಾಗ ಮೊಣಕಾಲಿನ ಕೆಳಗೆ ತೆಗೆಯಲು ಏನೂ ಇರಲಿಲ್ಲ; ರಕ್ತ ಹೋಗದ ಕಡೆ ಕೂದಲೂ ಬೆಳೆಯುವುದಿಲ್ಲ. ಟ್ರಿಮ್ಮರ್ ಆಫ್ ಮಾಡಿದ.

"ನೀನು ಹೇಳಿದೆ ಅಂತ ನಾನು ಸುಮ್ನಿರ್ಲಿಲ್ಲ" ಅಂದ, ತಲೆ ಎತ್ತದೆ. "ಸುಮ್ನಿರ್ಬೇಕು ಅಂತಿದ್ದೆ. ನೀನು ಹೇಳಿದ್ದು ಸಿಕ್ತು, ಹಿಡ್ಕೊಂಡೆ. ಬೊಬ್ಬೆ ಕಪ್ಪಾದಾಗ ನನಗೆ ಕಣ್ಣಿರ್ಲಿಲ್ವಾ?"

ಟ್ರಿಮ್ಮರ್‌ಗೆ ಅಂಟಿದ್ದ ಕೂದಲು ಊದಿ ತೆಗೆದ.

"ಆದ್ರೂ ಸಿಟ್ಟಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ಬೇಕಿತ್ತು. ಅಂಗಡೀಲಿ ಹೊಸಬ್ರು ತಲೆ ಕೆಡಿಸಿದ್ರೂ ಕೂದಲು ಮತ್ತೆ ಬೆಳೆಯುತ್ತೆ. ನಿನ್ನ ಕಸುಬು ಹಂಗಲ್ಲ."

ಟಾರ್ಚ್ ಬೆಳಕು ಕಾಲು ಬಿಟ್ಟು ಪರದೆಗೆ ಹೋಗಿತ್ತು. "ನೆಟ್ಟಗೆ ಹಿಡಿ" ಅಂದ.


ನವೆಂಬರ್ 25, ಸೋಮವಾರ

8.10 — ಒಳಗೆ ಕರೆದುಕೊಂಡು ಹೋದರು. ಅಪ್ಪನ ತಲೆಗೆ ಹಸಿರು ಟೋಪಿ. "ನನ್ನ ಕಟಿಂಗ್ ಮುಚ್ಚಿಬಿಟ್ರು" ಅಂದ.

9.40 — ಅಮ್ಮ ಬಿಸ್ಕೆಟ್ ಕೊಟ್ಟಳು. ಕೈಯಲ್ಲೇ ಪುಡಿಯಾಯಿತು.

10.30 — ಅಮ್ಮ: "ಈಗ ಒಳಗೆ ಏನು ಮಾಡ್ತಿರ್ತಾರೆ?" ನನಗೆ ಗೊತ್ತಿಲ್ಲಮ್ಮ ಅಂದೆ. "ಓದಿದೀಯಲ್ಲ?" ಓದಿದ್ದೇನೆ, ಗೊತ್ತಿಲ್ಲ. ವಿಚಿತ್ರವಾಗಿ ನೋಡಿದಳು. ನಿಜ ಹೇಳುವುದು ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ.

11.15 — ಯಾರದೋ ಸ್ಟ್ರೆಚರ್ ಬಂತು. ನಮ್ಮದಲ್ಲ.

12.50 — ಮೇಡಂ. ಮಾಸ್ಕ್ ಕೆಳಗಿಳಿಸಿ: "ಹೊಲಿಗೆ ಕೂತಿದೆ. ಪಾದಕ್ಕೆ ರಕ್ತ ಹೋಗ್ತಿದೆ. ಹೆಬ್ಬೆರಳಿನ ಕಪ್ಪು ತುದಿ ತೆಗೆದಿದೀವಿ. ಆದ್ರೆ ಹೊಸ ನಾಳದೊಳಗೆ ರಕ್ತ ಹೆಪ್ಪುಗಟ್ಟಬಹುದು. ಮೊದಲ ಎರಡು ದಿನ ಜೋಪಾನ. ಕಾಲು ತಣ್ಣಗಾದ್ರೆ, ಬಿಳಿಚಿದ್ರೆ, ಜೋಮು ಹಿಡಿದ್ರೆ ತಕ್ಷಣ ಹೇಳ್ಬೇಕು. ತಕ್ಷಣ."

ನನ್ನನ್ನೇ ನೋಡಿ ಹೇಳಿದರು. ಅಥವಾ ಹಾಗೆ ಅನಿಸಿತು.


ನವೆಂಬರ್ 26, ಮಂಗಳವಾರ

ಅಪ್ಪನ ಪಾದ ಕೆಂಪಗೆ, ಬೆಚ್ಚಗೆ. ಉಬ್ಬಿದೆ ಕೂಡ. ರಕ್ತ ಬಂದರೆ ಹಾಗೇ ಅಂತೆ.

ಬೆಳಿಗ್ಗೆ 9 — ತಣ್ಣಗಿದೆ ಅನಿಸಿತು. ಓಡಿದೆ. ಸಿಸ್ಟರ್ ಡಾಪ್ಲರ್ ಇಟ್ಟರು. ಶೂ... ಶೂ... ಫ್ಯಾನ್ ಕಾಲಿನ ಮೇಲೆ ಬೀಸುತ್ತಿತ್ತು.

11 — ಬಿಳಿಚಿದೆ ಅನಿಸಿತು. ಟ್ಯೂಬ್‌ಲೈಟ್ ಬೆಳಕು.

ಮಧ್ಯಾಹ್ನ 2 — ಜೋಮು ಅಂದ ಅಪ್ಪ. ಎಡಗಾಲು! ಅದರ ಮೇಲೆ ಒರಗಿ ನಾನೇ ಕೂತಿದ್ದೆ.

ಸಿಸ್ಟರ್ ಈಗ ನನ್ನನ್ನು ಅಲಾರಾಂ ಅನ್ನುತ್ತಾರೆ. "ಅಲಾರಾಂ ಬಂತು ನೋಡಿ. ಒಂದ್ಸಲ ಸ್ನೂಜ್ ಆಗ್ಬಾರ್ದಾ ಮಹರಾಯ್ತಿ?" ಇಡೀ ವಾರ್ಡ್ ನಗುತ್ತದೆ. ಓರೆ ಸೈಡ್‌ಲಾಕ್‌ನವನೂ. ಅಪ್ಪನೂ ನಕ್ಕ. ಅವನು ನಕ್ಕಿದ್ದಕ್ಕೆ ಇನ್ನೂ ಹತ್ತು ಸಲ ಓಡಬಲ್ಲೆ. ಆದರೆ ಕಿವಿ ಬಿಸಿಯಾಗುತ್ತದೆ. ನಾಳೆ ಒಂದು ಸಲವೂ ಕರೆಯುವುದಿಲ್ಲ.


ನವೆಂಬರ್ 27, ಬುಧವಾರ, ಬೆಳಿಗ್ಗೆ 10.40

ಹತ್ತಕ್ಕೆ ಸಿಸ್ಟರ್ ನೋಡಿ ಹೋದರು. ಎಲ್ಲ ಸರಿ. ಅಮ್ಮ ಬಟ್ಟೆ ತರಲು ಮನೆಗೆ. ಅಪ್ಪ ಇಡ್ಕೋ ಅಂತ ತನ್ನ ಬಾಚಣಿಗೆ ಕೊಟ್ಟ. "ತಲೆ ನೋಡ್ಕೋ, ಹಕ್ಕಿ ಗೂಡು."

11.00

ಬಲಪಾದ ತಣ್ಣಗಿದೆಯೇ? ಫ್ಯಾನ್ ಆಫ್ ಇದೆ. ನನ್ನ ಕೈಯನ್ನು ನಾನು ನಂಬುವುದಿಲ್ಲ. ಮೊಣಕೈ ಇಟ್ಟೆ. ಎಡ. ಬಲ. ಎಡ. ಬಲದ್ದು ತಣ್ಣಗೆ. ಸ್ವಲ್ಪ. ಬೆರಳು ಒತ್ತಿ ಬಿಟ್ಟರೆ ಬಣ್ಣ ಬೇಗ ವಾಪಸ್ ಬರುತ್ತಿಲ್ಲ. ನಿನ್ನೆ ಬರುತ್ತಿತ್ತು... ಬರುತ್ತಿತ್ತಾ?

11.04

"ಜೋಮು ಇದ್ಯಾ ಅಪ್ಪ?"

"ಇಲ್ಲ."

"ಬೆರಳು ಆಡ್ಸು."

ಆಡಿಸಿದ. ಎಡಗಾಲಿನದು. "ಇದಲ್ಲ, ಆ ಕಾಲು." ಹೊದಿಕೆ ಎಳೆದುಕೊಂಡ.

"ಈಗ ತಾನೇ ನೋಡಿ ಹೋದ್ರು. ಮತ್ತೆ ಕರೆದು ನಗೆಪಾಟಲಾಗ್ಬೇಡ. ಹನ್ನೆರಡಕ್ಕೆ ಹೆಂಗೂ ಬರ್ತಾರೆ. ಅಲ್ಲಿವರ್ಗೂ ನೋಡೋಣ." ಸ್ವಲ್ಪ ತಡೆದು: "ಮತ್ತೆ ಒಳಗೆ ಹೋಗಲ್ಲ ಕಣೇ ನಾನು."

ಅವನಿಗೆ ಗೊತ್ತು. ನನಗಿಂತ ಮೊದಲೇ ಗೊತ್ತಾಗಿದೆ.

11.06

ಹನ್ನೆರಡಕ್ಕೆ ಇನ್ನೂ ಐವತ್ತನಾಲ್ಕು ನಿಮಿಷ. ಬರೆಯುತ್ತಾ ಕೂತಿದ್ದೇನೆ, ಇದೇ ತಪ್ಪು. ತಣ್ಣಗಿದೆ ಅಂತ ನನಗೆ ಗ್ಯಾರಂಟಿ ಇಲ್ಲ. ಗ್ಯಾರಂಟಿ ಇಲ್ಲ ಅಂತಲೇ ಹೇಳುತ್ತೇನೆ — ಸಿಸ್ಟರ್, ನನಗೆ ಗೊತ್ತಾಗ್ತಿಲ್ಲ, ನೀವು ನೋಡಿ. ನಗಲಿ. ಟೇಬಲ್ ಹತ್ತಿರ ಮೂವರಿದ್ದಾರೆ, ಮೂವರೂ ನಗಲಿ. ಅಪ್ಪ ನನ್ನ ಎಡತೋಳು ಹಿಡಿದುಕೊಂಡಿದ್ದಾನೆ, ಗಟ್ಟಿಯಾಗಿ, ಬಿಡಿಸಿಕೊಂಡು